ಹದಿಮೂರು ಎಲೆ ಹೋಳಿಗೆ

ಹಲೋ... ಹಲೋ... ಯಾರ್ರಿ ಮಾತಾಡೋದು? ಮಡಕಶಿರಾ ಏನ್ರಿ?... ಕಡ್ಲೆಕಾಯಿ ಮಂಡಿ ದೊಡ್ಡಮಲ್ಲಪ್ಪನವರ ಅಂಗಡಿನಾ?... ಹಾಂ, ಗುಮಾಸ್ತರಾ? ನಮಸ್ಕಾರ್ರಿ. ನಾಳೆ ನಿಮ್ಮ ಧಣಿಯರ ಮಗನ ಮದುವಿ ಐತಲ್ಲ, ನಾನು ಹೆಣ್ಣಿನ ಮನಿಯಿಂದ, ರಾಯದುರ್ಗದಿಂದ ಮಾತಾಡಾಕತ್ತೀನಿ...

ಇಲ್ರಿ, ಗಾಬರಿ ಆಗಬ್ಯಾಡ್ರಿ. ಎಲ್ಲಾ ಸುಸೂತ್ರ ಐತಿ. ಊಟದ ಎಲಿ ಎಷ್ಟು ಹಾಕಿಸಬೇಕು ಅಂತ ಕೇಳಾಕ ಟ್ರಂಕ್ ಕಾಲ್ ಹಾಕಿಸಿದ್ವಿ. ದಿಬ್ಬಣದ ಜತಿಗೆ ಬ್ಯಾಂಡಿನವರು ಬರ್ತಾರಲ್ಲ, ಅವರ ಮಾಸ್ಟ್ರು ಲಕ್ಷ್ಮೀನರಸಪ್ಪನವರು ಅಲ್ಲೇ ಅದಾರೇನು?... ಜಗಲಿ ಮ್ಯಾಲೆ ಕುಂತಾರಾ? ಕರೀರಿ, ಕರೀರಿ. ಯಾರು ಅಂದ್ರ ಬೀಗರ ಕಡೆಯವರು ಅನ್ರಿ, ಸಾಕು...

ಹಲೋ... ಮಾಸ್ಟ್ರೇ, ಶರಣ್ರಿ. ದನಿ ಗುರ್ತು ಹತ್ತಲಿಲ್ವಾ?... ರೇವಣಸಿದ್ದಯ್ಯ... ಹೌದ್ರಿ, ಅದೇ ರಾಯದುರ್ಗದ ಬ್ಯಾಂಡ್ ರೇವಣಸಿದ್ದಯ್ಯ... ಇಡಬ್ಯಾಡ್ರಿ, ಫೋನ್ ಇಡಬ್ಯಾಡ್ರಿ...

ಹಾಂ. ನಾಳೆ ಹೆಣ್ಣಿನ ಕಡೆ ಬ್ಯಾಂಡು ನಮ್ದೇ... ನಿಮಗ ಯಾರೂ ಹೇಳಲಿಲ್ವಾ? ಪಾಪ. ಗಂಡಿನ ಕಡೆ ನೀವು ಅಂತ ನನಗೂ ಮೊನ್ನೆ ಗೊತ್ತಾತು. ಅವತ್ತಿಂದ ಚೆಂದ ನಿದ್ದಿ ಬರಾಕತ್ತೈತಿ...

ಎಷ್ಟು ಮಂದಿ ಬರ್ತೀರಿ?... ಡೋಲು ಎರಡು, ಕ್ಲಾರಿನೆಟ್ ಮೂರು... ಬಿಡಿಬಿಡಿ ಬ್ಯಾಡ, ಒಟ್ಟು ಹೇಳ್ರಿ... ಹದಿಮೂರು. ಬರಕೊಂಡೆ. ನಾಲ್ಕು ಗಂಟೆಗೆ ನೀವು ಇಲ್ಲಿ ಇಳೀತೀರಿ. ಆರಕ್ಕ ದಿಬ್ಬಣ ಎದುರುಗೊಳ್ಳೋದು. ನಡುವೆ, ಐದಕ್ಕ, ನಿಮಗ ಹೋಳಿಗಿ ಊಟ...

ಬ್ಯಾಡವಾ? ಯಾಕ ಬ್ಯಾಡ?... ಊದೋರು ಊದೋಕ ಮುಂಚೆ ಹೊಟ್ಟಿ ತುಂಬಾ ಉಣ್ಣಬಾರದಾ? ಉಸಿರು ನಿಲ್ಲೋದಿಲ್ವಾ? ಹಂಗೇನ್ರಿ? ಇದನ್ನ ಹೋದ ವರ್ಷ ಹೇಮಾವತಿ ಊರಿನ ಮದುವಿಯಾಗ ಹೇಳಿದ್ರ ನಾವು ಉಳಕೊಂತಿದ್ವಲ್ರಿ...

ನೆನಪಿಲ್ಲ ಅನ್ನಬ್ಯಾಡ್ರಿ. ನಾನು ನೆನಪು ಮಾಡ್ತೀನಿ. ಅಲ್ಲಿ ನೀವು ಹೆಣ್ಣಿನ ಕಡೆ, ನಾವು ಗಂಡಿನ ಕಡೆ. ಎರಡೂ ಬ್ಯಾಂಡು ಎದುರುಬದುರು ನಿಂತು ಊದಬೇಕು. ಯಾರು ಮೊದ್ಲು ನಿಲ್ಲಿಸ್ತಾರೋ ಅವರು ಮೆರವಣಿಗಿ ಹಿಂದ, ಗಾಡಿ ಧೂಳಿನಾಗ. ಅದು ಪದ್ಧತಿ, ಅದಕ್ಕ ನನಗ ಬ್ಯಾಸರಿಲ್ಲ. ಆದ್ರ ಅದಕ್ಕ ಮುಂಚೆ ನಮ್ಮನ್ನ ಪಂಕ್ತಿಗೆ ಕೂಡಿಸಿದವರು ಯಾರು? ನಮ್ಮ ಕಾರ್ನೆಟ್ ಊದೋ ಸುಂಕಪ್ಪನ ಪಕ್ಕ ಕುಂತು, ಬೆನ್ನು ಸವರಿ, ತಮ್ಮಾ ಇನ್ನೊಂದು ಹೋಳಿಗಿ, ಇನ್ನೊಂದು ಚೂರು ತುಪ್ಪ ಅಂದವರು ಯಾರು?... ನಿಮ್ಮವರು ಏನು ಉಂಡಿದ್ರು? ಒಂದೊಂದು ಲೋಟ ಮಜ್ಜಿಗಿ. ಆಮೇಲೆ ತಿಳಕೊಂಡೆ...

ನಾವು ಬ್ಯಾಡ ಅನ್ನಬೇಕಿತ್ತಾ? ಮದುವಿ ಮನಿಯಾಗ ಎಲಿ ಮುಂದ ಕುಂತು ಬ್ಯಾಡ ಅಂದ್ರ ಕರೆದವರ ಮರ್ಯಾದಿ ಏನಾಗ್ತದ್ರಿ? ಅದು ಗೊತ್ತಿದ್ದೇ ನೀವು ಮಾಡಿದ್ದು, ಅಲ್ವಾ?... ಅಲ್ವಾ?...

ನಗಬ್ಯಾಡ್ರಿ. ಅವತ್ತು ನಕ್ಕಿದ್ದು ಸಾಕು. ಎರಡನೇ ಹಾಡಿಗೆ ಸುಂಕಪ್ಪ ಮದುಮಗನ ಸಾರೋಟಿನ ಮುಂದ ವಾಂತಿ ಮಾಡ್ಕೊಂಡ. ಕಾರ್ನೆಟ್ ಮ್ಯಾಲೇ. ನಮ್ಮವರು ಊದೋದು ನಿಲ್ಲಿಸಿಬಿಟ್ರು, ಗಾಡಿ ಧೂಳು ನಮ್ಮ ಪಾಲಾತು. ನಾವು ಊರು ಮುಟ್ಟೋದ್ರಾಗ ನಮ್ಮ ಹೆಸರು ಹೋಳಿಗಿ ಬ್ಯಾಂಡು ಆಗಿತ್ತು. ಸಂತಿಯಾಗ ಬದನೆಕಾಯಿ ಮಾರೋ ಪಾಪಕ್ಕನೂ ಹಂಗೇ ಕರೀತಾಳ್ರಿ. ತೂಕ ಮಾಡ್ತಾ ಮಾಡ್ತಾ ಕರೀತಾಳ...

ಅಷ್ಟೇ ಆಗಿದ್ರ ಬಿಡ್ತಿದ್ದೆ. ಸುಂಕಪ್ಪ ಅವತ್ತಿಂದ ಕಾರ್ನೆಟ್ ಬಾಯಿಗೆ ಇಟ್ಟಿಲ್ಲ. ಹನ್ನೊಂದು ತಿಂಗಳು. ಅವನ ಹೆಂಡ್ತಿ ದ್ಯಾಮಮ್ಮ ಆ ಹಿತ್ತಾಳಿ ತುತ್ತೂರೀನ ಸೀರಿಯಾಗ ಸುತ್ತಿ ಅಟ್ಟದ ಮ್ಯಾಲೆ ಇಟ್ಟಾಳ. ನೀವೂ ಊದೋರು, ನಿಮಗ ನಾನು ಹೇಳಬೇಕಾ? ನಮ್ಮೂರ ಬೀದಿಯಾಗ ಅವನು ಮೇಲಿನ ಸ್ವರ ಹಿಡಿದ್ರ ಅದು ಕೋಟೆ ಗುಡ್ಡಕ್ಕ ಬಡದು ತಿರುಗಿ ಬರ್ತಿತ್ತು. ಬಾಗಿಲಾಗ ನಿಂತ ಮುದುಕೇರು ಬಗಲಾಗಿನ ಕೂಸು ಕುಣಿಸೋರು. ಹಿಂದಿಂದ ಡೋಲು ಎದಿಗೆ ಗುದ್ದೋದು. ಆ ಹೊತ್ತಿನಾಗ ಕಾಲುನೋವು, ಬಿಸಿಲು, ಆ ಬಿಗಿ ಕೋಟು, ಒಂದೂ ನೆನಪಿರೋದಿಲ್ಲ... ಹೌದಲ್ವಾ? ನಿಮಗೂ ಹಂಗೇ ಅಲ್ವಾ?... ಅಂಥಾದ್ದನ್ನ ಒಬ್ಬನ ಬಾಯಿಂದ ಕಸಗೊಂಡ್ರಿ...

ಬೇರೆಯವನನ್ನ ತರಬೇಕಿತ್ತಾ? ತರಲಿಲ್ಲ. ತರೋದೂ ಇಲ್ಲ. ನಾಳೆ ಅವನೇ ನಿಂತು ಊದಬೇಕು. ನಾಳೆ ನಿಮ್ಮೆದುರು ಊದದಿದ್ರ ಅವನು ಇನ್ನೆಂದೂ ಊದೋದಿಲ್ಲ, ನನಗ ಗೊತ್ತು... ಊದ್ತಾನೋ ಇಲ್ವೋ? ಬೆಳಿಗ್ಗಿ ಮನಿಗೆ ಹೋಗಿ ಕೇಳಿದೆ. ಎದ್ದು ಹಿತ್ತಲಿಗೆ ಹೋಗಿಬಿಟ್ಟ. ಅದಕ್ಕೇ ನಾನು ನಿಮಗ ಎಲಿ ಹಾಕಿಸಾಕತ್ತೀನಿ. ಅವನು ಊದದಿದ್ರ ನೀವೂ ಊದಬಾರದು...

ಯಾರು ಬಡಸ್ತಾರ ಕೇಳ್ರಿ. ಹೆಣ್ಣಿನ ತಂದೆ ಪಂಚಾಕ್ಷರಯ್ಯನವರ ತಾಯಿ, ಶಂಕ್ರಮ್ಮನವರು. ಎಂಬತ್ತು ವರ್ಷದ ಅಜ್ಜಿ. ನಾನೇ ಹೋಗಿ ಹೇಳೀನಿ, ಅಜ್ಜಿ, ಮಡಕಶಿರಾ ಬ್ಯಾಂಡಿನವರು ಬಾಳ ನಾಚಿಕಿ ಮಂದಿ, ಬ್ಯಾಡ ಬ್ಯಾಡ ಅಂತಾರ, ನೀವು ಕೇಳಬ್ಯಾಡ್ರಿ ಅಂತ. ಆಯಮ್ಮ ಇವತ್ತೇ ಸೆರಗು ಸಿಗಿಸಿಕೊಂಡಾಳ. ನಿಮ್ಮ ಪಕ್ಕ ನಿಮ್ಮ ದೊಡ್ಡಮಲ್ಲಪ್ಪನವರು ಕುಂತಿರ್ತಾರ. ಬೀಗರ ಮನಿ ಅಜ್ಜಿ ಕೈಯನ್ನ ನೀವು ತಳ್ಳಿದ್ರ ಅವರು ಏನಂತಾರ, ನೀವೇ ವಿಚಾರ ಮಾಡ್ರಿ...

ನಾಳೆ ಒಪ್ಪತ್ತಾ? ಯಾರಿಗೆ?... ಹದಿಮೂರು ಮಂದಿಗೂ?... ಡೋಲಿನವರಿಗೂ?... ಆಗ್ಲಿ. ಒಪ್ಪತ್ತಿನವರಿಗೆ ಅಜ್ಜಿ ಹಾಲು, ಬಾಳೆಹಣ್ಣು, ಉಂಡಿ ತೆಗೆದಿಟ್ಟಾಳ. ಒಂದೊಂದು ಉಂಡಿ ನನ್ನ ಮುಷ್ಟಿ ಗಾತ್ರ... ಮೋಟಾರು ತಡ ಆಗಬಹುದಾ? ಆಗಲ್ಲ ಬಿಡ್ರಿ. ಡ್ರೈವರು ನಮ್ಮೂರವನು...

ಎಕ್ಸ್‌ಚೇಂಜ್ ಸಾರ್, ಕಟ್ ಮಾಡಬ್ಯಾಡ್ರಿ. ಇನ್ನ ಮೂರು ನಿಮಿಷ ಕೊಡ್ರಿ, ಮದುವಿ ಮಾತು... ಹಾಂ. ಮಾಸ್ಟ್ರೇ, ಅದೀರಾ?...

ಏನಂದ್ರಿ? ಇನ್ನೊಂದ್ಸಲ ಅನ್ರಿ, ಗರಗರ ಅಂತೈತಿ... ತಪ್ಪಾತು ಅಂದ್ರಾ? ಮೊದಲನೇ ಸಲಾನೇ ಕೇಳಿಸಿತ್ತು. ನನಗ್ಯಾಕ ಹೇಳ್ತೀರಿ? ವಾಂತಿ ಮಾಡ್ಕೊಂಡವನು ನಾನಲ್ಲ... ರಾಜಿ? ಎರಡೂ ಬ್ಯಾಂಡು ಕೂಡಿ ಊದೋಣವಾ? ಬ್ಯಾಡ್ರಿ. ರಾಜಿ ಆದ್ರ ಹೋಳಿಗಿ ಬ್ಯಾಂಡು ಅನ್ನೋ ಹೆಸರು ನನ್ನ ಸಂಗಾಟ ಹೂಳೋ ಕುಣಿ ತನಕ ಬರ್ತದ...

ತಡೀರಿ... ಒಂದು ನಿಮಿಷ ತಡೀರಿ ಮಾಸ್ಟ್ರೇ... ಬಾರೋ ಸುಂಕಪ್ಪ. ಒಳಗ ಬಾ. ಬಗಲಾಗ ಏನದು?... ಕಾರ್ನೆಟ್ಟಾ? ಹುಣಸೆಹಣ್ಣು ಹಚ್ಚಿ ತಿಕ್ಕೀಯಲ್ಲೋ, ಮುಖ ಕಾಣತೈತಿ... ಹೂಂ, ಇವರೇ, ಲಕ್ಷ್ಮೀನರಸಪ್ಪನವರು. ಮಾತಾಡ್ತೀಯಾ?... ಬ್ಯಾಡ?... ಬಾಗಿಲಾಗ ನಿಂತು ಎಲ್ಲಾ ಕೇಳಿದ್ಯಾ? ಹಾಂ, ಐದಕ್ಕ ಅವರಿಗೆ ಎಲಿ... ಯಾಕೋ? ಬ್ಯಾಡಂತೀಯಾ? ನಿನಗ ಮಾಡಿದ್ದು ಮರೆತ್ಯಾ?... ಏನಂದಿ?... ಹಾಂ... ಹಾಂ... ಇದು ನನಗ ಹೊಳೀಲಿಲ್ಲ ನೋಡು...

ಹಲೋ, ಮಾಸ್ಟ್ರೇ. ನಿಮ್ಮ ಊಟ ಐದಕ್ಕಲ್ಲ. ಮೆರವಣಿಗಿ ಮುಗಿದ ಮ್ಯಾಲೆ. ಅಜ್ಜಿಗೆ ನಾನು ಹೇಳ್ಕೊಂತೀನಿ... ಇಲ್ರಿ, ನನ್ನ ಮನಸು ಕರಗಿಲ್ಲ. ಸುಂಕಪ್ಪನ ಮಾತು ಇದು. ಖಾಲಿ ಹೊಟ್ಟಿಲೆ ಬರ್ಲಿ, ಎಳನೀರು ಕೊಡ್ರಿ, ನೆರಳಾಗ ಒಂದು ತಾಸು ಮಲಗಿಸ್ರಿ ಅಂತಾನ. ನಾಳೆ ಸೋತ ಮ್ಯಾಲೆ ಹೊಟ್ಟಿ ಭಾರ ಆಗಿತ್ತು ಅನ್ನೋ ನೆಪ ಅವರ ಹತ್ರ ಇರಬಾರದು ಅಂತಾನ...

ಉಪಕಾರ ಅನ್ನಬ್ಯಾಡ್ರಿ. ಉಪಕಾರ ಅಲ್ಲ ಇದು. ನಾನು ಒಂದು ಸಂಜೀಗೆ ನಿಮ್ಮ ಹೊಟ್ಟಿ ಕೆಡಸ್ತಿದ್ದೆ. ಇವನು ವರ್ಷಗಟ್ಟಲೆ ನಿದ್ದಿ ಕೆಡಸ್ತಾನ... ಏನು? ಹನ್ನೊಂದು ತಿಂಗಳು ಊದದವನ ತುಟಿ ಎಲ್ಲಿ ನಿಲ್ತದ ಅಂದ್ರಾ?... ಹಂಗಂದ್ರಾ? ತಡೀರಿ, ನೀವೇ ಕೇಳ್ರಿ. ಸುಂಕಪ್ಪ, ಇತ್ಲಾಗ ಬಾ. ಈ ಫೋನಿನ ಬಾಯಿ ಮುಂದ ಹಿಡಿ. ಒಂದೇ ಸ್ವರ, ಮೇಲಿಂದು. ನಾಚಬ್ಯಾಡ, ಕಣ್ಣು ಮುಚ್ಕೊಂಡು ಊದು...

..........

..........

ಹಲೋ... ಕೇಳಿಸ್ತಾ?... ಮಾಸ್ಟ್ರೇ?... ಹಲೋ... ಯಾರು?... ನೀವು ಮಾಸ್ಟ್ರಲ್ಲ... ಎಕ್ಸ್‌ಚೇಂಜ್ ಸಾರಾ?... ಅವರು ಫೋನ್ ಇಟ್ಟುಬಿಟ್ರಾ? ಯಾವಾಗ?... ಇವನು ಊದಾಕತ್ತಿದಾಗಲೇ? ನಡುವೇನಾ?... ಹಾಂ. ಸುಂಕಪ್ಪ, ಅವರು ನಿಲ್ಲಲಿಲ್ಲ, ಓಡಿಹೋದ್ರಂತ...

ಹೇಳ್ರಿ ಸಾರ್... ಹೌದ್ರಿ, ನಮ್ಮವನೇ... ನಡುವಿನ ಕಲ್ಯಾಣದುರ್ಗದ ಎಕ್ಸ್‌ಚೇಂಜಿನವರೂ ಕಿವಿಗೊಟ್ಟು ಕೇಳಾಕತ್ಯಾರಾ?... ಈಗಲಾ?... ಸುಂಕಪ್ಪ, ಕಣ್ಣು ಒರಸಿಕೋ. ಲೈನಿನ ಮ್ಯಾಲೆ ಇಬ್ಬರು ಅದಾರ, ಇನ್ನೊಂದ್ಸಲ ಅಂತಾರ... ಹಾಂ, ಊದ್ತಾನ್ರಿ. ತಡೀರಿ, ಉಸಿರು ತಗೊಳ್ಳಾಕತ್ಯಾನ. ಈ ಸಲ ಒಂದು ಸ್ವರ ಅಲ್ಲ ಸಾರ್, ಪೂರಾ ಹಾಡು! ಕೇಳ್ರಿ, ಶುರು ಮಾ—