ಅಜ್ಜಿ ಎತ್ತಿದ ಮಂಗಳಾರತಿ

ಮಾವನನ್ನು ನೋಡಲು ಬಂದ ಅಳಿಯ ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ. ಮುಂದೆ ನಿಂತಿದ್ದ ಹಿರಿಯ ನರ್ಸ್ ಮತ್ತು ಎಳೆಯ ಡಾಕ್ಟರ ಮಾತು ತಾನಾಗಿ ಕಿವಿಗೆ ಬಿತ್ತು.

"ಕಿಟಕಿ ಪಕ್ಕದ ಅಜ್ಜಿ ಬೈದ್ರಂತೆ, ಡಾಕ್ಟ್ರೇ?"

"ಬೈಯೋದೇನು, ಸರಿಯಾಗಿ ಮಂಗಳಾರತಿ ಎತ್ತಿದ್ರು ಸಿಸ್ಟರ್!"

"ಮತ್ತೆ ಹಲ್ಲು ಕಿರೀತಿದ್ದೀರಲ್ಲ?"

"ಇಷ್ಟು ದಿನ ಆಪರೇಷನ್ ಬಗ್ಗೆ ಹೇಳ್ದಾಗೆಲ್ಲ ಸುಮ್ನೆ ತಲೆ ಆಡಿಸ್ತಿದ್ರು. ನಾನು ನಿಲ್ತಿದ್ದದ್ದು ಅವರ ಕಿವುಡು ಕಿವಿ ಕಡೆ!"

"ಅಯ್ಯೋ ದೇವ್ರೆ!"

"ಇವತ್ತು ಈಚೆ ಕಡೆ ಸ್ಟೂಲ್ ಹಾಕ್ಕೊಂಡು ಕೂತು ಮೊದಲಿಂದ ಹೇಳ್ದೆ. 'ಇಷ್ಟು ದಿನ ಹೀಗೆ ಹೇಳೋಕೆ ಏನು ರೋಗ ನಿಂಗೆ?' ಅಂದ್ರು. ನಾನು ಡಾಕ್ಟರಾಗಿದ್ದೇ ಇವತ್ತು ಅನ್ನಿಸ್ತು."

"ಆಪರೇಷನ್‌ಗೆ ಒಪ್ಪಿದ್ರಾ?"

ಲಿಫ್ಟಿನ ಬಾಗಿಲು ತೆರೆಯಿತು. ಡಾಕ್ಟರ್ ಒಳಗೆ ಕಾಲಿಟ್ಟ.

"ಇನ್ನೂ ಇಲ್ಲ. ಕೇಳೋದು ಬೇಕಾದಷ್ಟಿದೆ, ಊಟ ಮಾಡ್ಕೊಂಡು ಬಾ ಅಂದಿದ್ದಾರೆ."