ಎಸ್ತರ್ ಮೇಡಂ ಮತ್ತು ನಮ್ಮ ಅನುಮಾನಗಳು

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯರಾದ ಸುಬ್ಬರಾಯಪ್ಪನವರೇ, ಸಭೆಯನ್ನು ಹರಸಲು ಬಂದಿರುವ ಪಾಸ್ಟರ್ ರಾಜೇಶ್ ಅವರೇ, ನಾಳೆ ನಮ್ಮನ್ನು ಬಿಟ್ಟು ಹೊರಡಲಿರುವ ಪ್ರಾಂಶುಪಾಲರಾದ ಎಸ್ತರ್ ಮುಲೆಂಗ ಅವರೇ, ಕಲ್ಯಾಣದುರ್ಗದಿಂದ ಶಾಲೆಯ ಬಸ್ಸಿನಲ್ಲಿ ಕುಲುಕಾಡಿಕೊಂಡು ಇಷ್ಟು ದೂರ ಬಂದಿರುವ ಪೋಷಕರೇ, ಹಿಂದೂಪುರದ ನನ್ನ ಸಭಿಕರೇ,

ಮೊದಲಿಗೆ ಒಂದು ಮಾತು. ಇದು ಆಂಧ್ರ, ತೆಲುಗಿನಲ್ಲಿ ಮಾತಾಡಿ ಎಂದು ಕೆಲವರು ಹೇಳಿದರು, ಇಂಗ್ಲಿಷಿನಲ್ಲಿ ಮಾತಾಡಿ ಎಂದು ಇನ್ನು ಕೆಲವರು ಹೇಳಿದರು. ನಾನು ಕನ್ನಡದಲ್ಲಿ ಮಾತಾಡುತ್ತೇನೆ. ನಾನು ಪರಿಗಿಯ ಕಡೆಯವಳು, ಮನೆಮಾತು ಕನ್ನಡ. ಎಸ್ತರ್ ಮೇಡಂ ಅವರು ನಮ್ಮ ದೇಶಕ್ಕೆ ಬಂದ ಮೇಲೆ ಕಲಿತದ್ದೂ ಕನ್ನಡವನ್ನೇ, ನನ್ನಿಂದಲೇ. ಆದ್ದರಿಂದ ನಾನು ಹೇಳುವುದೆಲ್ಲ ಅವರಿಗೆ ಅರ್ಥವಾಗುತ್ತದೆ. ಅದೇ ಸ್ವಲ್ಪ ಕಷ್ಟ.

ಅವರ ಊರು ಆಫ್ರಿಕಾದ ಜಾಂಬಿಯಾ ದೇಶದಲ್ಲಿದೆ. ಅಲ್ಲಿ ಅವರು ಗಣಿತದ ಮೇಡಂ. ಅವರ ಮಿಷನ್ನಿನವರು ಕಲ್ಯಾಣದುರ್ಗದಲ್ಲಿ ಹೊಸ ಶಾಲೆ ತೆರೆಯಬೇಕೆಂದು ನಿರ್ಧರಿಸಿ, ಅದನ್ನು ನಡೆಸಲು ಇವರನ್ನು ಕಳಿಸಿದರು. ಸಭಿಕರೇ, ನೀವೇ ಯೋಚಿಸಿ. ನಮ್ಮ ಹಿಂದೂಪುರದ ಮೇಷ್ಟರಿಗೆ ಕಲ್ಯಾಣದುರ್ಗಕ್ಕೆ ವರ್ಗವಾದರೆ ಅದನ್ನು ರದ್ದು ಮಾಡಿಸಲು ಎಷ್ಟು ಮನೆಗಳ ಬಾಗಿಲು ತಟ್ಟುತ್ತಾರೆ? ಅಂಥದ್ದರಲ್ಲಿ ಸಮುದ್ರ ದಾಟಿ ಒಬ್ಬ ಹೆಂಗಸು ಕಲ್ಯಾಣದುರ್ಗಕ್ಕೆ ತಾನಾಗಿ ಬಂದಳು ಎಂದರೆ ಯಾರು ನಂಬುತ್ತಾರೆ? ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ.

ಉಪಪ್ರಾಂಶುಪಾಲೆಯ ಕೆಲಸಕ್ಕೆ ನಾನು ಸೇರಿದಾಗ ನಮ್ಮ ಮನೆಯವರು, ಜಯಚಂದ್ರ ಅವರು, ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಮಾತು ಇದು: "ಅಲ್ಲಿ ಏನ್ ಕೊಟ್ರೂ ತಿನ್ಬೇಡ ಕಣೆ. ಯಾವ್ದಕ್ಕೂ ಸೈನ್ ಹಾಕ್ಬೇಡ. ಯಾತಕ್ಕೆ ಬಂದವ್ರೋ ಏನೋ." ನಾನು ನಕ್ಕೆ. ಆದರೆ ವಾರಪೂರ್ತಿ ಇರಲು ಹಿಡಿದ ಬಾಡಿಗೆ ಕೋಣೆಯಲ್ಲಿ ನಾನೇ ಅಡುಗೆ ಮಾಡಿಕೊಂಡೆ.

ಶಾಲೆ ಶುರುವಾಗಿದ್ದು ಹಳೆಯ ಕಡ್ಲೆಕಾಯಿ ಗೋಡೌನಿನಲ್ಲಿ. ಗೋಡೆಗೆ ಎಷ್ಟು ಸುಣ್ಣ ಬಳಿದರೂ ಎಣ್ಣೆಯ ಕಮಟು ಹೋಗಲಿಲ್ಲ. ಮೊದಲ ದಿನವೇ ಎಸ್ತರ್ ಮೇಡಂ ನನ್ನ ಕೈಯಲ್ಲಿದ್ದ ಬೆತ್ತವನ್ನು ತೆಗೆದುಕೊಂಡು, "ಇದು ಬೇಡ" ಎಂದರು. ಮಕ್ಕಳ ಎದುರಿಗೇ. ನಾನು ಅಷ್ಟು ವರ್ಷ ಪಾಠ ಮಾಡಿದವಳು. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಸುಮ್ಮನೆ ನೆನಪಾಯಿತು, ಹೇಳಿದೆ.

ಬೆಳಗಿನ ಪ್ರಾರ್ಥನೆಗೆ ಅವರು ಮಾಡಿದ ನಿಯಮ ಇನ್ನೂ ವಿಚಿತ್ರ. ಬೇಕಾದವರು ಕಣ್ಣು ಮುಚ್ಚಿ, ಬೇಡದವರು ಸುಮ್ಮನಿರಿ. ಇದರಿಂದ ಏನಾಯಿತು? ಚರ್ಚಿಗೆ ಹೋಗುವ ಪೋಷಕರಿಗೆ ಅನುಮಾನ ಬಂತು, ಇದೆಂಥಾ ಕ್ರೈಸ್ತ ಶಾಲೆ ಎಂದು. ದೇವಸ್ಥಾನಕ್ಕೆ ಹೋಗುವ ಪೋಷಕರಿಗೆ ಅದಕ್ಕಿಂತ ದೊಡ್ಡ ಅನುಮಾನ ಬಂತು, ಬಲವಂತ ಮಾಡುತ್ತಿಲ್ಲ ಎಂದರೆ ಇದರಲ್ಲಿ ಏನೋ ಇದೆ ಎಂದು. ಯಾರೋ ಮೇಲಿನವರಿಗೆ ದೂರು ಕೊಟ್ಟರು. ಅಧಿಕಾರಿಗಳು ಬಂದರು, ನೋಡಿದರು, ಟೀ ಕುಡಿದು ಹೋದರು. ದೂರು ಕೊಟ್ಟವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ನಾನಂತೂ ಅಲ್ಲ. ಯಾರೂ ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ಅವತ್ತಿನಿಂದ ಮೇಡಂ ತಮ್ಮ ಕೋಣೆಯ ಬಾಗಿಲನ್ನು ಹಾಕಿಕೊಂಡೇ ಫೋನಿನಲ್ಲಿ ಮಾತಾಡತೊಡಗಿದರು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ನಾನು ಮಾಡಿಕೊಟ್ಟ ಟೀಯನ್ನು ಅವರು ಮೇಜಿನ ಮೇಲೆ ಇಡುತ್ತಿದ್ದರು, ಅದು ಅಲ್ಲೇ ಕೆನೆಗಟ್ಟುತ್ತಿತ್ತು.

ಇಷ್ಟು ಅನುಮಾನಗಳ ನಡುವೆ, ಸಭಿಕರೇ, ಎಲ್ಲರಿಗಿಂತ ದೊಡ್ಡ ಅನುಮಾನ ಹೊತ್ತುಕೊಂಡು ಬಂದವರು ನರಸಕ್ಕ. ಕಂಬದೂರಿನ ಆಚೆಯ ಹಳ್ಳಿಯವರು. ಒಂದಿಷ್ಟು ಹೊಲ, ಒಂದಿಷ್ಟು ಕುರಿ. ತಾಯಿಯಿಲ್ಲದ ಮೊಮ್ಮಗಳು ಕೀರ್ತನಾಳನ್ನು ಎರಡನೇ ತರಗತಿಗೆ ಸೇರಿಸಲು ಬಂದವರು ಮೊದಲು ಕೇಳಿದ್ದೇ, "ಹುಡ್ಗೀ ತಲೆ ಮ್ಯಾಲೆ ನೀರ್ಗೀರು ಹಾಕ್ತೀರೇನಮ್ಮ?"

ನಾನು ಇಲ್ಲ ಎಂದೆ.

"ಹೆಸ್ರು ಬದ್ಲಾಯಿಸ್ತೀರಾ?"

ಇಲ್ಲ ಎಂದೆ.

"ಮತ್ತೆ ಏನ್ ಮಾಡ್ತೀರಾ?"

"ಪಾಠ ಮಾಡ್ತೀವಿ, ನರಸಕ್ಕ."

"ಅದಕ್ಕೋಸ್ಕರ ಅಷ್ಟು ದೂರ್ದಿಂದ ಬಂದವ್ಳಾ ಆ ಯಮ್ಮ? ನಾನ್ ನೋಡ್ತೀನಿ ಬಿಡು."

ನೋಡಿದರು. ಬೆಳಗ್ಗೆ ಮೊಮ್ಮಗಳನ್ನು ಬಿಟ್ಟವರು ಹೊರಡಲಿಲ್ಲ. ಗೇಟಿನ ಒಳಗೆ ಬೇವಿನ ಮರದಡಿ ಕೂತರು. ಊಟದ ಗಂಟು ತಂದಿದ್ದರು. ಸಂಜೆ ಗಂಟೆ ಹೊಡೆಯುವವರೆಗೂ ಕೂತರು. ಮಾರನೆಯ ದಿನವೂ ಬಂದರು. ಕುರಿಗಳನ್ನು ತಮ್ಮನ ಮನೆಯವರಿಗೆ ಒಪ್ಪಿಸಿ ಬಂದಿದ್ದರಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ಕುತ್ತಿಗೆ ಉದ್ದ ಮಾಡಿ ಮೊಮ್ಮಗಳನ್ನೇ ನೋಡುತ್ತಿದ್ದರು. ಒಂದು ದಿನ ಕೀರ್ತನಾ ಕಣ್ಣು ಮುಚ್ಚಿಬಿಟ್ಟಳು. ಅಜ್ಜಿ ಅಲ್ಲಿಂದಲೇ ಕೂಗಿದರು, "ಏ, ಯಾಕೆ ಕಣ್ ಮುಚ್ದೆ?" ಆ ಮಗು, "ನಿದ್ದೆ ಬತ್ತೈತೆ ಅಜ್ಜೀ" ಅಂದಳು. ಎಸ್ತರ್ ಮೇಡಂ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಅಜ್ಜಿಯನ್ನು ಹೊರಗೆ ಕಳಿಸೋಣ ಎಂದು ನಾನು ಹೇಳಿದೆ. ಶಿಸ್ತಿನ ಪ್ರಶ್ನೆ. ಮೇಡಂ ಒಪ್ಪಲಿಲ್ಲ. "ಮೊಮ್ಮಗಳ ಮೇಲೆ ಕಣ್ಣಿಡಬೇಡ ಎಂದು ನಾನು ಯಾವ ಬಾಯಿಂದ ಹೇಳಲಿ?" ಎಂದರು, ಇಂಗ್ಲಿಷಿನಲ್ಲಿ; ಆಗ ನಾವಿಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ.

ಹೀಗೆ ವರ್ಷ ತುಂಬುತ್ತ ಬಂತು. ಆ ಬೇಸಿಗೆಗೆ ಮುಂಚೆ ಎಲ್ಲರ ಫೋನಿನಲ್ಲೂ ಒಂದು ವಿಡಿಯೊ ಓಡಾಡಿದ್ದು ನಿಮಗೆ ನೆನಪಿರಬೇಕು. ಮಕ್ಕಳ ಕಳ್ಳರು ಬಂದಿದ್ದಾರೆ, ಹೊರಗಿನವರು, ಆಟೊದಲ್ಲಿ ಬರುತ್ತಾರೆ, ಎಚ್ಚರ ಎಂದು. ಅದು ಎಲ್ಲಿಯದೋ, ಯಾವ ಕಾಲದ್ದೋ. ಆದರೆ ಹಳ್ಳಿಗಳಲ್ಲಿ ಗಂಡಸರು ಸರತಿಯ ಮೇಲೆ ರಸ್ತೆ ಕಾಯತೊಡಗಿದ್ದರು.

ಅದೇ ವಾರದಲ್ಲಿ ಒಂದು ಸಂಜೆ ಬೇವಿನ ಮರದಡಿ ನರಸಕ್ಕ ಇರಲಿಲ್ಲ. ಮಧ್ಯಾಹ್ನ ಯಾರೋ ಬಂದು ಕರೆದರೆಂದು ಎದ್ದು ಹೋದವರು ತಿರುಗಿ ಬಂದಿರಲಿಲ್ಲ. ಶಾಲೆ ಬಿಟ್ಟಿತು, ಮಕ್ಕಳೆಲ್ಲ ಹೋದರು, ಕೀರ್ತನಾ ಒಬ್ಬಳೇ ಉಳಿದಳು. ಅವರ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. "ನಾನೇ ಬಿಟ್ಟು ಬರುತ್ತೇನೆ" ಎಂದರು ಮೇಡಂ. ನಾನೂ ಜೊತೆಗೆ ಹೊರಟೆ. ಮೇಡಂ ಅವರ ಸುರಕ್ಷತೆಗಾಗಿ ಹೊರಟೆ ಎಂದು ಅವತ್ತು ಹೇಳಿದ್ದೆ. ಇವತ್ತೂ ಹಾಗೆಯೇ ಹೇಳುತ್ತೇನೆ.

ಹರಿಕೃಷ್ಣ ಎಂಬ ಹುಡುಗನ ಆಟೊ ಹಿಡಿದೆವು. ಕಂಬದೂರು ದಾಟುವಷ್ಟರಲ್ಲಿ ಮಗು ಅಳುತ್ತ ವಾಂತಿ ಮಾಡಿಕೊಂಡಳು. ಒಂದು ಹಳ್ಳಿಯ ತಿರುವಿನಲ್ಲಿ ಆಟೊ ನಿಲ್ಲಿಸಿ, ಮೇಡಂ ಅವಳನ್ನು ಎತ್ತಿಕೊಂಡು ಇಳಿದು, ಅಂಗಡಿಯ ಮುಂದೆ ಬಾಯಿ ತೊಳೆಸುತ್ತಿದ್ದರು. ಅಷ್ಟೇ. ಎಲ್ಲಿಂದ ಬಂದರೋ ಜನ, ನನಗೆ ಇವತ್ತಿಗೂ ತಿಳಿಯದು. ಅಳುವ ಮಗು, ಆಟೊ, ಪರದೇಶದ ಹೆಂಗಸು. ಅವರ ಪಾಲಿಗೆ ಫೋನಿನ ವಿಡಿಯೊ ಎದ್ದು ರಸ್ತೆಗೆ ಬಂದಂತಾಯಿತು.

"ಎವುರಮ್ಮ ನುವ್ವು? ಯಾರಮ್ಮ ನೀನು? ಯಾರ್ ಮಗೂನ ಎತ್ಕೊಂಡ್ ಹೋಯ್ತಿದ್ದೀಯ?"

ಹರಿಕೃಷ್ಣ ಅಡ್ಡ ಬಂದ. ಅವನಿಗೆ ಬಿದ್ದ ಏಟಿಗೆ ತುಟಿ ಒಡೆಯಿತು. ಮೇಡಂ ಫೋನು ಯಾರದೋ ಕೈಗೆ ಹೋಯಿತು. ಗುಂಪಿನವರು ಮಗುವನ್ನು ಕೇಳಿದರು, "ಇವ್ರು ಯಾರು ಪುಟ್ಟಿ?" ಕೀರ್ತನಾ ಹೆದರಿ ಬಾಯಿಯೇ ಬಿಡಲಿಲ್ಲ. ಒಬ್ಬ ಕೈಯಲ್ಲಿ ಸೌದೆ ಹಿಡಿದಿದ್ದ.

ಆಗ ಗುಂಪಿನಲ್ಲಿದ್ದ ಒಬ್ಬ ಹಿರಿಯರು ನನ್ನ ಕಡೆ ತಿರುಗಿದರು. "ನೀನು ನಮ್ಮೋಳ್ ತರ ಕಾಣ್ತೀಯ. ನೀನ್ ಹೇಳಮ್ಮ. ಈ ಯಮ್ಮ ನಿಂಗೊತ್ತಾ? ನಂಬಬೋದಾ?"

ಸಭಿಕರೇ, ಶಿಕ್ಷಕರಾದವರು ಯೋಚಿಸದೆ ಉತ್ತರ ಕೊಡಬಾರದು. ನಾನು ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿಕೊಡುವುದು. ಗೊತ್ತಾ ಎಂದರೆ ಗೊತ್ತು ಎನ್ನಬಹುದು. ನಂಬಬಹುದಾ ಎಂಬುದು ಬೇರೆ ಪ್ರಶ್ನೆ. ಬಾಗಿಲು ಹಾಕಿಕೊಂಡು ಮಾತಾಡುವವರನ್ನು, ಟೀ ಮುಟ್ಟದವರನ್ನು, ಯಾಕೆ ಬಂದರೆಂದು ಒಮ್ಮೆಯೂ ಹೇಳದವರನ್ನು ನಂಬಬಹುದು ಎಂದು ನಾನು ಯಾವ ಆಧಾರದ ಮೇಲೆ ಹೇಳಬೇಕಿತ್ತು? ನಾನು ಹೇಳಿದೆ. ಖಂಡಿತ ಹೇಳಿದೆ. "ಗೊತ್ತು, ನಮ್ಮ ಶಾಲೆಯವರು, ನಂಬಿ" ಎಂದೇ ಹೇಳಿದೆ. ಸ್ವಲ್ಪ ತಡವಾಯಿತು, ಅಷ್ಟೇ.

ಆ ತಡದಲ್ಲಿ ಮೇಡಂ ನನ್ನ ಮುಖವನ್ನು ನೋಡಿದರು. ಆಮೇಲೆ ಒಂದು ಕೆಲಸ ಮಾಡಿದರು. ಗುಂಪಿನಲ್ಲಿ ಕಂಕುಳ ಕೂಸಿನೊಂದಿಗೆ ಒಬ್ಬಳು ಹೆಂಗಸು ನಿಂತಿದ್ದಳು. ನೇರ ಅವಳ ಬಳಿಗೆ ಹೋಗಿ, ಕೀರ್ತನಾಳ ಕೈಯನ್ನು ಅವಳ ಕೈಯೊಳಗೆ ಇಟ್ಟರು. ನಾನು ಕಲಿಸಿದ ಹರಕುಮುರುಕು ಕನ್ನಡದಲ್ಲಿ ಹೇಳಿದರು: "ಮಗು ನಿಮ್ಮದು. ನೀವು ಹಿಡಿ. ಅಜ್ಜಿ ಕರೀರಿ. ನಾನು ಓಡಲ್ಲ." ಹೇಳಿ, ರಸ್ತೆಯ ನಡುವೆ, ಆ ಮಣ್ಣಿನಲ್ಲಿ, ಮೊಣಕಾಲು ಮಡಚಿ ಕೂತುಬಿಟ್ಟರು.

ಕೂತವರನ್ನು ಹೊಡೆಯುವುದು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ಸೌದೆ ಹಿಡಿದವನು ಅದನ್ನು ಏನು ಮಾಡಬೇಕೆಂದು ತೋಚದೆ ಕೈ ಬದಲಾಯಿಸಿದ. ಯಾರೋ ನರಸಕ್ಕನ ಹಳ್ಳಿಗೆ ಮೊಪೆಡ್ ಓಡಿಸಿದರು. ಹೊತ್ತು ಹೋಗಲೇ ಇಲ್ಲ. ಮೇಡಂ ತಲೆ ತಗ್ಗಿಸಲಿಲ್ಲ, ಅಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಸ್ವಲ್ಪ ಸರಿದು ಜಾಗ ಬಿಟ್ಟರು.

ಮೊಪೆಡ್ಡಿನ ಹಿಂದೆ ಕೂತು ನರಸಕ್ಕ ಬಂದರು. ಮಧ್ಯಾಹ್ನ ಅವರ ಕುರಿ ಈಯಲಾಗದೆ ಒದ್ದಾಡುತ್ತಿತ್ತಂತೆ. ಸೀರೆಯ ತುಂಬ ಅದರದೇ ಕಲೆ. ಇಳಿಯುತ್ತಲೇ ಶುರು ಮಾಡಿದರು.

"ಯಾರ್ಲಾ ಅವ್ನು ಕೈ ಎತ್ತಿದೋನು? ಬಾರ್ಲಾ ಮುಂದಕ್ಕೆ! ನಿಮ್ಗೆ ಇವತ್ತು ಬಂತಾ ಅನ್ಮಾನ? ನಂಗೆ ವರ್ಷ್ದಿಂದ ಐತೆ! ಹೊಲ ಮನೆ ಬುಟ್ಟು ದಿನಾ ಹೋಗಿ ಕುಂತ್ಕೊಂಡು ನೋಡಿವ್ನಿ ಈ ಯಮ್ಮನ್ನ. ಮಕ್ಳ ಮೂಗು ಒರೆಸ್ತಾಳೆ, ಲೆಕ್ಕ ಹೇಳ್ಕೊಡ್ತಾಳೆ, ಒಬ್ಳೇ ಕುಂತು ಉಣ್ತಾಳೆ. ಕಳ್ಳಿ ಅಲ್ಲ ಕಣ್ಲಾ!"

ಆ ಹಿರಿಯರು ಕೇಳಿದರು, "ಹಂಗಾರೆ ನಂಬ್ತೀಯೇನಕ್ಕ ನೀನು?"

"ನಂಬ್ತೀನಿ ಅಂತ ಯಾರಂದ್ರು? ನಾಳೇನೂ ಹೋಗಿ ಕುಂತ್ಕಂತೀನಿ. ಆದ್ರೆ ನೋಡ್ದೇ ಹೊಡೆಯೋ ನಿಮ್ಮಂಥೋರ್ನ ಕಂಡ್ರೆ ನಂಗೆ ಇನ್ನೂ ಭಯ."

ಗುಂಪು ಕರಗಿತು. ಕೆಲವರು ಕೈಮುಗಿದರು, ಕೆಲವರು ಸುಮ್ಮನೆ ಜಾರಿಕೊಂಡರು. ಮೇಡಂ ಮೊದಲು ಹರಿಕೃಷ್ಣನ ತುಟಿಯ ರಕ್ತ ಒರೆಸಿದರು. ಕಂಕುಳ ಕೂಸಿನ ಆ ಹೆಂಗಸು ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದಳು. ಮೇಡಂ ಎತ್ತಿ ಕುಡಿದರು, ಪೂರ್ತಿ.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಮೇಡಂ ಕೇಳಿದರು: "ಪದ್ಮಲತಾ, ನೀನು ಯಾಕೆ ತಡ ಮಾಡಿದೆ?"

ನಾನು ಲೋಟಗಳಿಗೆ ಟೀ ಬಗ್ಗಿಸಿದೆ. ಅವರೇ ಹೇಳಿದರು: "ನಿನ್ನ ಬಗ್ಗೆ ನನ್ನನ್ನು ಕೇಳಿದ್ದರೆ ನಾನೂ ತಡ ಮಾಡುತ್ತಿದ್ದೆ. ದೂರು ಕೊಟ್ಟವಳು ನೀನೇ ಎಂದುಕೊಂಡಿದ್ದೆ. ನನ್ನ ಕುರ್ಚಿ ನಿನಗೆ ಬೇಕೆಂದು ನನಗೆ ಮೊದಲ ದಿನವೇ ಗೊತ್ತಿತ್ತು."

ದೂರು ನಾನು ಕೊಡಲಿಲ್ಲ ಎಂದೆ. ಕುರ್ಚಿಯ ವಿಷಯ ಅವರು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವತ್ತು ಟೀ ಆರುವ ಮೊದಲೇ ಕುಡಿದರು. ಸಕ್ಕರೆ ಜಾಸ್ತಿ ಎಂದರು. ಇಷ್ಟು ದಿನ ಬಾಗಿಲು ಹಾಕಿಕೊಂಡು ಯಾರೊಂದಿಗೆ ಮಾತಾಡುತ್ತಿದ್ದರೆಂದೂ ಹೇಳಿದರು. ಮಗಳೊಂದಿಗೆ. ತಾವು ಈ ಊರಿನಲ್ಲಿ ಹೆದರಿಕೊಂಡಿರುವುದು ನಮ್ಮ ಕಿವಿಗೆ ಬೀಳಬಾರದೆಂದು.

ಆ ಘಟನೆಯ ಮೇಲೆ ಕೆಲವು ಪೋಷಕರು ಮಕ್ಕಳನ್ನು ಬಿಡಿಸಿದರು. ಆ ತಿರುವಿನ ಹಳ್ಳಿಯಿಂದಲೇ ಕೆಲವರು ತಂದು ಸೇರಿಸಿದರು. ಶಾಲೆ ಗೋಡೌನಿನಿಂದ ಸ್ವಂತ ಕಟ್ಟಡಕ್ಕೆ ಹೋಯಿತು. ಈಗ ಮೇಡಂ ಹೊರಟಿದ್ದಾರೆ, ನಾಳೆಯಿಂದ ಶಾಲೆಯ ಹೊಣೆ ನನ್ನದು. ನನ್ನ ಹೆಸರನ್ನು ಯಾರು ಸೂಚಿಸಿದರೆಂದು ಸಮಿತಿಯವರು ಹೇಳಿಲ್ಲ. ನಾನು ಮತ ಬದಲಾಯಿಸಿದ್ದಕ್ಕೇ ಕುರ್ಚಿ ಸಿಕ್ಕಿತೆಂದು ಪರಿಗಿಯ ನನ್ನ ನೆಂಟರು ಅನುಮಾನಿಸುತ್ತಾರೆ. ಬದಲಾಯಿಸದವಳಿಗೆ ಹೇಗೆ ಸಿಕ್ಕಿತೆಂದು ಚರ್ಚಿನವರು ಅನುಮಾನಿಸುತ್ತಾರೆ. ಪಾಸ್ಟರ್ ಅವರೇ ನಗುತ್ತಿದ್ದಾರೆ ನೋಡಿ. ಅವರ ನಗುವಿನ ಮೇಲೂ ನನಗೆ ಸಂಶಯವಿದೆ.

ಮೇಡಂ ಯಾಕೆ ಹೋಗುತ್ತಿದ್ದಾರೆ ಎಂಬ ಬಗ್ಗೆ ಊರಿನಲ್ಲಿ ತಲೆಗೊಂದು ಕಥೆ ಇದೆ. ನಾನು ಇವತ್ತು ಬೆಳಗ್ಗೆ, ಕಲ್ಯಾಣದುರ್ಗದಿಂದ ಇಲ್ಲಿಗೆ ಬರುವ ದಾರಿಯಲ್ಲಿ, ನೇರವಾಗಿ ಕೇಳಿಬಿಟ್ಟೆ. ಕಾಂಬೋಡಿಯಾದಲ್ಲಿ ಹೊಸ ಶಾಲೆ ತೆರೆಯುತ್ತಾರಂತೆ. ಭಾಷೆ ಬಾರದು, ಊರು ಗೊತ್ತಿಲ್ಲ, ಒಬ್ಬರೂ ಪರಿಚಯವಿಲ್ಲ.

"ಮತ್ತೆ ಮೊದಲಿನಿಂದ ಎಲ್ಲರ ಅನುಮಾನ ಹೊರುತ್ತೀರಾ? ಈ ವಯಸ್ಸಿನಲ್ಲಿ? ಭಯವಾಗುವುದಿಲ್ಲವೇ?" ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತ, ಈಗ ಚೆನ್ನಾಗಿಯೇ ಬರುವ ಕನ್ನಡದಲ್ಲಿ ಹೇಳಿದರು: "ಆಗ್ತದೆ. ಆದ್ರೆ ಅಲ್ಲೂ ಒಬ್ಬಳು ಪದ್ಮಲತಾ ಇದ್ದೇ ಇರ್ತಾಳೆ."

ಸಭಿಕರೇ, ಅದು ಹೊಗಳಿಕೆಯೋ ದೂರೋ, ನಾನು ಹಿಂದೂಪುರ ಬರುವವರೆಗೂ ಯೋಚಿಸಿದೆ. ಇಲ್ಲಿ ನಿಂತು ಇಷ್ಟು ಹೊತ್ತು ಮಾತಾಡಿದ ಮೇಲೂ ನನಗೆ ತಿಳಿಯದು. ಮೇಡಂ ಅವರನ್ನು ಕೇಳೋಣವೆಂದರೆ, ಅಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ ತಮಗೆಲ್ಲರಿಗೂ, ಕೇಳದೆ ಫೋನ್ ನೋಡುತ್ತಿದ್ದವರಿಗೂ ನನ್ನ ವಂದನೆಗಳು. ಎಸ್ತರ್ ಮೇಡಂ, ಹೋಗಿ ಬನ್ನಿ. ನಮಸ್ಕಾರ.