ಕಂಪ್ಯೂಟರ್ ತೋರಿಸಿದ ಮುಖ

ನನ್ನ ತಂಗಿ ತೀರಿಕೊಂಡಳೆಂದು ತಿಳಿದ ದಿನ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ಮತ್ತು ಆಕೆಯ ಅಣ್ಣ. ಜ್ವರದಲ್ಲಿ ತೀರಿಹೋದ ಮಗಳ ಶಿವಗಣಾರಾಧನೆಗೆ ಯಾವ ಫೋಟೋಗೆ ಕಟ್ಟು ಹಾಕಿಸಬೇಕೆಂಬುದು ಅವರ ಮಾತು.

“ಕಂಪ್ಯೂಟರ್ ಚಿತ್ರಾನೇ ಇರ್ಲಿ ಅಣ್ಣ. ಸೊಟ್ಟ ದವಡೆ ಮೂಳೆ ಕೊಯ್ದು ಸರಿಸಿದ್ರೆ ಕೆನ್ನೆ ಹೆಂಗೆ ಕೂರ್ತೈತೆ ಅಂತ ಡಾಕ್ಟ್ರು ತೋರ್ಸಿದ್ರಲ್ಲ, ಅದು.”

“ಆಪರೇಷನ್ನೇ ಆಗ್ಲಿಲ್ವಲ್ಲ ಬಸಮ್ಮ. ಅದ್ರಲ್ಲಿ ಕೂದ್ಲಿಲ್ಲ, ಕಣ್ಣು ಮುಚ್ಚೈತೆ. ನೆಂಟ್ರು ಇದ್ಯಾವ ಬೊಂಬೆ ಅಂತಾರೆ!”

“ಅನ್ಲಿ. ವಿಭೂತಿ ನಾನು ಹಚ್ತೀನಿ. ಕನ್ನಡೀನೇ ನೋಡದೋಳು ದಿನಾ ಅದನ್ನ ನೋಡ್ತಿದ್ಲು.”

“ನಾನು ಮುದ್ದಾಡಿದ್ದು ಆ ಸೊಟ್ಟ ಗದ್ದಾನ ಕಣವ್ವ.”

“ಅವಳು ಕಾಯ್ತಿದ್ದಿದ್ದು ಈ ಮೊಕಕ್ಕೆ.”

ಅಣ್ಣ, “ಬಾ, ಅದಕ್ಕೇ ಕಟ್ಟು ಹಾಕ್ಸೋಣ,” ಎಂದು ಎದ್ದರು. ಇಬ್ಬರೂ ಹೊರಟುಹೋದರು.

ಶಿವನೇ, ಯಾವ ಮುಖದಲ್ಲಿ ಬಂದರೂ ಆ ಮಗುವನ್ನು ಗುರುತಿಸು. ಅವಳಿಗೂ ನನ್ನ ತಂಗಿಗೂ ನಿನ್ನ ಪಾದದಲ್ಲಿ ಶಾಂತಿ ಕೊಡು.